ಮೈ ಕೊಡವಿದ್ದು

ಹೆಸರಿಡಬೇಡ ಅಂದಿದ್ದ ಇದ್ವಾಲ್.
ಇಡಲಿಲ್ಲ. ಬರೀ 'ಬಾರೋ' ಅಂತಿದ್ದೆ,
ಅದೇ ಹೆಸರಾಯಿತು.

ಹಂದಿ ಒಂಟಿಯಾಗಿ ಬಾಳದು, ಜೊತೆ ಬೇಕು, ಅಂತಲೂ ಅಂದಿದ್ದ.
ನಾನಿದ್ದೀನಲ್ಲ ಅಂದೆ.

ಲಾನಿಡ್ಲೋಸ್ ಊರಾಚೆ, ಅವನ ಹುಲ್ಲುಗಾವಲಿನ ಮೂಲೆಯಲ್ಲಿ
ತಗಡಿನ ಕಮಾನು, ಒಣಹುಲ್ಲ ಹಾಸು, ಸುತ್ತ ಎರಡೆಳೆ ಕರೆಂಟು ತಂತಿ.
ಏಪ್ರಿಲಿನಲ್ಲಿ ನನ್ನ ಕಂಕುಳಿಗೆ ಹಿಡಿಸುತ್ತಿತ್ತು,
ಸೆಪ್ಟೆಂಬರಿಗೆ ನನ್ನನ್ನೇ ಗೇಟಿಗೆ ಒತ್ತಿ
ಬಕೆಟ್ಟು ಕಸಿಯುವಷ್ಟು.
ಮುಸುರೆ ಹಾಕುವಂತಿಲ್ಲ ಇಲ್ಲಿ, ಕಾನೂನು.
ನಮ್ಮಮ್ಮ ಕೇಳಿದ್ದರೆ ನಗುತ್ತಿದ್ದಳು:
ಹಂದಿಗೂ ಮಡಿಯಾ?

ಮುದುಕರ ಆಶ್ರಮದಲ್ಲಿ ನನ್ನದು ರಾತ್ರಿ ಪಾಳಿ.
ಹನ್ನೆರಡು ಗಂಟೆ ಮಗ್ಗುಲು ಬದಲಿಸಿ, ಮೈ ಒರೆಸಿ,
ಬೆಳಗ್ಗೆ ನೇರ ಅದರ ಹತ್ತಿರ.
ಇಡೀ ಕಣಿವೆಯಲ್ಲಿ
ನನ್ನ ಕನ್ನಡಕ್ಕೆ ಕಿವಿ ನಿಮಿರಿಸುತ್ತಿದ್ದದ್ದು ಅದೊಂದೇ.
ಇದ್ವಾಲ್ ನಾಯಿಗಳಿಗೆ ವೆಲ್ಷಿನಲ್ಲಿ ಬೈಯುವನು,
ನಾನು ಇದಕ್ಕೆ ಮಂಡ್ಯದ ಮಾತಲ್ಲಿ:
'ಏನ್ಲಾ, ಇನ್ನೂ ಮಲ್ಗಿದ್ದೀಯಾ, ಸೋಂಬೇರಿ ನನ್ಮಗನೇ.'
ಗುರ್ ಅನ್ನುತ್ತಿತ್ತು, ಹೂಂ ಅಂದ ಹಾಗೆ.

ಟ್ಯಾಮ್ಸಿನ್ ಕೇಳಿದಳು ಒಂದು ನಡುರಾತ್ರಿ:
ಕೈಯಾರೆ ಸಾಕಿದ್ದನ್ನು ಹೇಗೆ ತಿನ್ನುತ್ತೀಯೇ, ರಾಕ್ಷಸಿ?
ಅವಳ ಕೈಯಲ್ಲಿ ಬೇಕನ್ ಸ್ಯಾಂಡ್‌ವಿಚ್ಚು.
ನಾನೂ ಹತ್ತು ವರ್ಷ ಅದನ್ನೇ ತಿಂದವಳು.
ಪ್ಲಾಸ್ಟಿಕ್ಕಿನಡಿ ನುಣ್ಣಗೆ, ಕೂದಲಿಲ್ಲ, ಕೂಗಿಲ್ಲ,
ಎಲ್ಲಿ ಹುಟ್ಟಿತ್ತೋ, ಒಮ್ಮೆಯಾದರೂ ಮಣ್ಣು ಮೂಸಿತ್ತೋ.
ಯಾರ ದನಿಗೂ ಓಡಿ ಬಂದದ್ದಲ್ಲ ಅದು,
ಬಂದಿದ್ದರೂ ನನಗೆ ಗೊತ್ತಿಲ್ಲ.
ಆ ಗೊತ್ತಿಲ್ಲದಿರುವುದಕ್ಕೇ
ನಾನು ಅಷ್ಟು ವರ್ಷ ಕಾಸು ಕೊಟ್ಟಿದ್ದು.

ಹಾಗಾದರೆ ಸಾಕಿಯೇ ತಿನ್ನೋಣ, ಋಣ ಕಣ್ಣೆದುರಿಗಿರಲಿ,
ಅಂದುಕೊಂಡೆ. ದೊಡ್ಡ ಮಾತಾಗಿ ಕಂಡಿತ್ತು ಆಗ.

ನವೆಂಬರ್. ಬೆಳಗಿನ ಆರು. ಟ್ರೇಲರ್.
ಇದ್ವಾಲ್ ಹಲಗೆ ಇಳಿಸಿದ. ಅದು ಮೂಸಿತು, ಹಿಂದೆ ಸರಿಯಿತು.
ಬಕೆಟ್ಟು ಅಲ್ಲಾಡಿಸಿದ, ಬೈದ, ಹೆಗಲು ಕೊಟ್ಟು ತಳ್ಳಿದ,
ಕೆಸರಲ್ಲಿ ಮೊಣಕಾಲೂರಿ ಬಿದ್ದ.
ಆಮೇಲೆ ನನ್ನ ಮುಖ ನೋಡಿದ.
ನಾನು ಟ್ರೇಲರಿನ ಕತ್ತಲೊಳಗೆ ಹೋಗಿ ನಿಂತು
'ಬಾರೋ' ಅಂದೆ.

ಬಂತು.

ನಮ್ಮೂರಲ್ಲಿ ಅಪ್ಪ ಕುರಿಯ ಬೆನ್ನಿಗೆ
ನೀರು ಚಿಮುಕಿಸಿ ಕಾಯುತ್ತಿದ್ದ.
ಮೈ ಕೊಡವಿದರೆ ಒಪ್ಪಿಗೆ. ಕೊಡವುವ ತನಕ
ಕತ್ತಿ ಎತ್ತುವ ಹಾಗಿಲ್ಲ. ಒಂದು ಸಲ ಒಂದು ಟಗರು
ಕಲ್ಲಿನಂತೆ ನಿಂತುಬಿಟ್ಟಿತ್ತು. ಬಿಸಿಲೇರಿತು,
ನೆಂಟರು ಗೊಣಗಿದರು, ಸೋದರಮಾವ
ಇನ್ನೊಂದು ಚೊಂಬು ತಂದು ಕಿವಿಯೊಳಕ್ಕೇ ಸುರಿದ.
ಕೊಡವಿತು. 'ಅಮ್ಮ ಒಪ್ಕಂಡ್ಲು' ಅಂದರು ಎಲ್ಲರೂ.
ನಾನೂ ಅಂದೆ. ಎಂಟು ವರ್ಷ ನನಗೆ, ಹಸಿವು.

ಇಲ್ಲಿ ಚೊಂಬು ಬೇಕಿಲ್ಲ,
ಈ ಗುಡ್ಡದ ಮಳೆ ಎಲ್ಲರ ಬೆನ್ನಿಗೂ ಚಿಮುಕಿಸುತ್ತಲೇ ಇರುತ್ತದೆ.
ಟ್ರೇಲರಿನೊಳಗೆ ಬಂದು, ನನ್ನ ಕಾಲಿಗೆ ಒರಗಿ,
ಮೂಗಿನಿಂದ ಬಾಲದ ತನಕ ಮೈ ಕೊಡವಿತು.
ನನ್ನ ಮುಖದ ಮೇಲೆಲ್ಲ ಹನಿ.
ಪಕ್ಕದ ಕಿರುಬಾಗಿಲಿನಿಂದ ನಾನು ಹೊರಬಂದೆ.
ನನಗೆ ಅಂಥದೊಂದು ಬಾಗಿಲಿತ್ತು.

ಖಾರ ಅರೆದೆ, ಸಾರು ಮಾಡಿದೆ, ತಿಂದೆ.
ರುಚಿಯಾಗಿತ್ತು. ಅದನ್ನು ಮುಚ್ಚಿಡಲಾರೆ.
ಟ್ಯಾಮ್ಸಿನ್ ಎರಡನೇ ಸಲ ಹಾಕಿಸಿಕೊಂಡಳು.

ಫೆಬ್ರವರಿಯಲ್ಲಿ ಇದ್ವಾಲ್ ಕೇಳಿದ: ಈ ವರ್ಷ?
ನೋಡೋಣ ಅಂದೆ. ಫ್ರೀಜರಿನಲ್ಲಿ ಇನ್ನೂ ಎರಡು ಪೊಟ್ಟಣ.

ಅದೇ ವಾರ, ತೊಂಬತ್ತು ದಾಟಿದ ಮಿಸೆಸ್ ಪ್ರಾಸರ್
ಬೆಳಗಿನ ಸ್ನಾನಕ್ಕೆ ಏಳಲೊಲ್ಲಳು.
ಯಾರು ಕರೆದರೂ ಗೋಡೆಯ ಕಡೆಗೇ ಮುಖ.
ಬಾಯಿತಪ್ಪಿ, ಕನ್ನಡದಲ್ಲಿ,
'ಬಾರಮ್ಮಾ' ಅಂದೆ.
ತಿರುಗಿದಳು. ಕೈ ಚಾಚಿದಳು.

ಹಿಡಿಯಲು ನನಗೆ
ಸ್ವಲ್ಪ ಹೊತ್ತು ಬೇಕಾಯಿತು.